ಪೊಟ್ಟಣದ ಮೇಲಿನ ಹಸಿರು ದ್ವೀಪ

ನಮ್ಮವರು ಕ್ಯಾಮೆರಾಕ್ಕೆ ಹೊಸ ಲೆನ್ಸ್ ತಂದರು. ಗಾತ್ರ ಒಂದು ಲೋಟದಷ್ಟು. ಆ ದುಡ್ಡಿನಲ್ಲಿ ಅರವತ್ತು ಚೀಲ ಅಣಬೆಗೆ ಬೇಕಾದ ಹುಲ್ಲು, ಬೀಜ, ಪ್ಲಾಸ್ಟಿಕ್ಕು ಎಲ್ಲ ಬಂದು, ಶೆಡ್ಡಿಗೆ ಒಂದು ಫ್ಯಾನೂ ಬರುತ್ತಿತ್ತು. ಅರವತ್ತು ಚೀಲ ನಮಗೆ ಮೂರು ತಿಂಗಳ ಅನ್ನ. ಲೆನ್ಸು ಅದುವರೆಗೆ ಕೊಟ್ಟದ್ದೆಂದರೆ ಈರುಳ್ಳಿ ಸಿಪ್ಪೆಯ ಚಿತ್ರಗಳು, ಸೋಪಿನ ನೊರೆಯ ಚಿತ್ರಗಳು, ತುಕ್ಕು ಹಿಡಿದ ಬಾಗಿಲ ಚಿಲಕ ಮತ್ತು ನನ್ನ ಹಿಮ್ಮಡಿಯ ಬಿರುಕು. ಆ ಬಿರುಕನ್ನು ನೋಡಿ ಪಕ್ಕದ ಮನೆಯಾಕೆ, "ಅಬ್ಬಾ, ಎಂಥ ಕಣಿವೆ! ಯಾವಾಗ ಹೋಗಿದ್ರಿ?" ಎಂದಳು. ನಾನು ಕಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡೆ.

ಅಣಬೆ ಶೆಡ್ಡು ಮನೆಯ ಹಿಂದೆಯೇ ಇದೆ. ಸುತ್ತ ಒದ್ದೆ ಗೋಣಿಯ ಪರದೆ, ಒಳಗೆ ಸಾಲಾಗಿ ತೂಗುವ ಬಿಳಿ ಚೀಲಗಳು. ಬೆಳೆಯುವುದು ನಾನು, ಪೊಟ್ಟಣ ಕಟ್ಟುವುದು ನಾದಿನಿ. ನಮ್ಮವರು ಮಧ್ಯಾಹ್ನದವರೆಗೆ ಕನ್ನಡಕದ ಅಂಗಡಿಯಲ್ಲಿ ಇರುತ್ತಾರೆ. ಮನೆಯಲ್ಲಿ ಅವರಿಗೆ ಒಂದೇ ಕೆಲಸ: ದಿನಾ ಬೆಳಿಗ್ಗೆ ಚೀಲಗಳನ್ನು ನೋಡಿ, ಯಾವುದರಲ್ಲಾದರೂ ಹಸಿರು ಬೂಷ್ಟು ಕಂಡರೆ ಅದನ್ನು ಎತ್ತಿಕೊಂಡು ಹೋಗಿ ಹಿತ್ತಲ ಗುಂಡಿಯಲ್ಲಿ ಹೂಳುವುದು. ಅಣಬೆಗೆ ಹಸಿರು ಬೂಷ್ಟಿಗಿಂತ ದೊಡ್ಡ ವೈರಿ ಇಲ್ಲ. ಇವತ್ತು ಒಂದು ಚೀಲಕ್ಕೆ ಬಂದರೆ ವಾರದಲ್ಲಿ ಇಡೀ ಸಾಲು ಗುಂಡಿಗೆ.

ಲೆನ್ಸ್ ಬಂದ ಮೇಲೆ ಒಂದು ಚೀಲ ನೋಡಲು ಕಾಲು ಗಂಟೆ ಹಿಡಿಯತೊಡಗಿತು. ಸ್ಟೂಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಟಾರ್ಚಿಗೆ ಬಿಳಿ ಬಟ್ಟೆ ಸುತ್ತಿ ಪಕ್ಕದಿಂದ ಬೆಳಕು ಬಿಡುತ್ತಿದ್ದರು. ಉಸಿರು ಬಿಟ್ಟರೆ ಚಿತ್ರ ಅಲುಗುತ್ತದಂತೆ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದಾಗ ಒಂದು ಕ್ಲಿಕ್.

"ಅಂಚು ಕಾಣಬಾರದು," ಎಂದು ನಮಗೆ ಪಾಠ ಹೇಳುತ್ತಿದ್ದರು. "ಅಂಚು ಕಂಡರೆ ಅಣಬೆ ಅಂತ ಗೊತ್ತಾಗಿಬಿಡುತ್ತೆ. ಒಂದು ಮೂಲೆ ಖಾಲಿ ಬಿಡಬೇಕು, ಗೆರೆಗಳು ಆ ಕಡೆಗೆ ಓಡಬೇಕು. ನೋಡಿದವರಿಗೆ ಇದು ಏನು ಅಂತಲೇ ತಿಳಿಯಬಾರದು."

"ಅಣ್ಣಾ, ಏನು ಅಂತ ತಿಳಿಯದ ಹಾಗೆ ಫೋಟೋ ತೆಗೆಯೋಕೆ ಇಷ್ಟೊಂದು ದುಡ್ಡು ಯಾಕೆ?" ಎಂದಳು ನಾದಿನಿ. "ನನ್ನ ಕೈಗೆ ಕೊಡು. ಹೇಗೂ ನಡುಗುತ್ತೆ, ಪುಕ್ಕಟೆ ತೆಗೆದುಕೊಡ್ತೀನಿ."

ಆದರೂ ಅಂಗಡಿಯಲ್ಲಿ ನಮ್ಮ ಪೊಟ್ಟಣ ಎದ್ದು ಕಾಣಲಿ ಎಂದು ಲೇಬಲ್ ಮಾಡಿಸುವ ಯೋಚನೆ ಬಂದಾಗ, ಮನೆಯಲ್ಲೇ ಚಿತ್ರ ರಾಶಿ ಬಿದ್ದಿರುವಾಗ ಹೊರಗೆ ದುಡ್ಡು ಕೊಡುವುದೇಕೆ ಅನ್ನಿಸಿತು. ನಮ್ಮವರು ಇಪ್ಪತ್ತು ಚಿತ್ರಗಳನ್ನು ಹರಡಿದರು. ಒಂದರ ಮೇಲೆ ನನ್ನ ಕಣ್ಣು ನಿಂತಿತು. ಹಾಲಿನಂಥ ಬಿಳಿ ಕಡಲು, ನಡುವೆ ಒಂದು ಹಸಿರು ದ್ವೀಪ, ತೀರದಲ್ಲಿ ಮಖಮಲ್ಲಿನಂಥ ಕಾಡು.

"ಇದು!" ಎಂದೆ. "ಎಷ್ಟು ಚೆನ್ನಾಗಿದೆ ರೀ!"

ಅವರ ಕಿವಿ ಕೆಂಪಾಯಿತು. "ಅದು ಬೇಡ ಕಣೇ. ಬೇರೆ ನೋಡು."

"ಯಾಕೆ? ನಮ್ಮ ಶೆಡ್ಡಿನದೇ ತಾನೆ?"

"ನಮ್ಮದೇ..."

"ಮತ್ತೆ ಇನ್ನೇನು? ಇದೇ ಇರಲಿ."

ಎರಡು ಸಾವಿರ ಲೇಬಲ್ ಅಚ್ಚಾದವು. ಪೊಟ್ಟಣಗಳು ಮೊದಲಿಗಿಂತ ಬೇಗ ಖಾಲಿಯಾಗತೊಡಗಿದವು. ಅವುಗಳಲ್ಲಿ ಒಂದು ಊರಿನ ದೊಡ್ಡ ಹೋಟೆಲಿಗೂ ಹೋಯಿತು. ದಿನಕ್ಕೆ ಹದಿನೈದು ಕಿಲೋ ಬೇಕಾಗಬಹುದು, ಮೊದಲು ಶೆಡ್ ನೋಡಬೇಕು ಎಂದು ಹೋಟೆಲಿನ ಮುಖ್ಯ ಬಾಣಸಿಗರು ಹೇಳಿಕಳಿಸಿದರು. ಈ ಆರ್ಡರು ಸಿಕ್ಕರೆ ನಾನು ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತಿತ್ತು. ಸಂಜೆಗೆ ಮಾರದೆ ಬಾಡಿದ್ದನ್ನು ಮನೆಯವರೇ ತಿನ್ನುವುದೂ ತಪ್ಪುತ್ತಿತ್ತು. ಅಣಬೆ ತಿಂದು ತಿಂದು ನಾದಿನಿ, "ಅತ್ತಿಗೆ, ಇನ್ನೊಂದು ವಾರ ಹೀಗೇ ಆದ್ರೆ ನನ್ನ ತಲೆ ಮೇಲೂ ಕೊಡೆ ಬಿಚ್ಚುತ್ತೆ," ಎನ್ನುತ್ತಿದ್ದಳು.

ಬಾಣಸಿಗರು ಬಂದರು. ತೂಕದ ಮನುಷ್ಯ, ಮೆಲು ಮಾತು. ಶೆಡ್ಡಿಗೆ ಹೋಗುವ ಮೊದಲು ಪೊಟ್ಟಣವೊಂದನ್ನು ಕೈಗೆತ್ತಿಕೊಂಡು ಕನ್ನಡಕ ಏರಿಸಿದರು.

"ಚಿತ್ರ ಚೆನ್ನಾಗಿದೆ ಅಕ್ಕಾ. ಯಾವ ಜಾತಿ ಅಣಬೆ ಇದು?"

"ನಮ್ಮವರೇ ತೆಗೆದದ್ದು ಸಾರ್," ಎಂದು ನಾನು ಹೆಮ್ಮೆಯಿಂದ ನಮ್ಮವರ ಕಡೆ ತಿರುಗಿದೆ. ಅವರು ಗೋಡೆ ನೋಡುತ್ತಿದ್ದರು.

"ರೀ, ಹೇಳಿ. ಯಾವುದು ಇದು?"

"ಅದು... ಅಣಬೆ ಅಲ್ಲ."

"ಅಣಬೆ ಅಲ್ಲದೆ?"

"ಹಸಿರು ಬೂಷ್ಟು."

ನಾದಿನಿಯ ಕೈಯಲ್ಲಿದ್ದ ಪೊಟ್ಟಣ ಕೆಳಗೆ ಬಿತ್ತು. ಹತ್ತು ವರ್ಷದಿಂದ ಆ ಬೂಷ್ಟನ್ನು ಕಂಡಲ್ಲಿ ಶಪಿಸುತ್ತಾ ಬಂದವಳು ನಾನು. ದೊಡ್ಡದು ಮಾಡಿ ಮುಂದಿಟ್ಟರೆ ಗುರುತೇ ಸಿಗಲಿಲ್ಲ. ಮೇಲಾಗಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದೆ.

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ?"

"ಬೇಡ ಅಂದೆನಲ್ಲ," ಎಂದರು ಸಣ್ಣ ದನಿಯಲ್ಲಿ. "ಮದುವೆಯಾದಾಗಿಂದ ನನ್ನ ಒಂದು ಫೋಟೋನೂ ನೀನು ಚೆನ್ನಾಗಿದೆ ಅಂದಿರಲಿಲ್ಲ. ಅವತ್ತು ಅಂದೆ. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ."

ಬೈಯುವುದು ಬಿಟ್ಟು ನಾನು ಕೆಳಗೆ ಬಿದ್ದ ಪೊಟ್ಟಣ ಎತ್ತಿಕೊಂಡೆ. ಹಾಗಾಗುವುದು ಅಪರೂಪ.

ಬಾಣಸಿಗರು ಗಂಭೀರವಾಗಿ ಕೇಳಿದರು, "ಈ ಚೀಲ ಈಗ ಎಲ್ಲಿದೆ? ಹೂಳಿದ್ದೀರಿ ತಾನೆ?"

ನಮ್ಮವರು ಮತ್ತೆ ಗೋಡೆ ನೋಡಿದರು. "ಅದೊಂದು ಮಾತ್ರ... ಇನ್ನೂ ಬಣ್ಣ ತಿರುಗ್ತಾ ಇತ್ತು. ಬಚ್ಚಲಲ್ಲಿದೆ."

ಬಚ್ಚಲಿನ ಮೂಲೆಯಲ್ಲಿ, ದೊಡ್ಡ ಬಕೆಟ್ಟಿನೊಳಗೆ, ಅವರ ಹಳೇ ಅಂಗಿಯ ಕೆಳಗೆ ಕೂತಿತ್ತು ಅದು. ಅಂಗಿ ಒಗೆಯಲು ನೆನೆಹಾಕಿದ್ದಾರೆಂದು ತಿಳಿದು, ದಿನಾ ಅದರ ಪಕ್ಕದಲ್ಲೇ ಸ್ನಾನ ಮಾಡಿ ಬರುತ್ತಿದ್ದೆ.

ಆರ್ಡರು ಕೈಬಿಟ್ಟುಹೋಯಿತು ಅಂದುಕೊಂಡೆ. ಆದರೂ ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. "ಸಾರ್, ಬಂದದ್ದು ಬಂದಿದ್ದೀರಿ, ಶೆಡ್ಡು ನೋಡಿಬಿಡಿ," ಎಂದೆ.

ಅವರು ಒಂದೊಂದು ಚೀಲವನ್ನೂ ಫೋನಿನ ಬೆಳಕಿನಲ್ಲಿ ತಿರುಗಿಸಿ ನೋಡಿದರು. ಎಲ್ಲೂ ಹಸಿರಿನ ಚುಕ್ಕೆ ಇರಲಿಲ್ಲ. ನನಗೆ ಧೈರ್ಯ ಬಂತು.

"ಬೇರೆಯವರಿಗೆ ಬೂಷ್ಟು ಕಾಣೋದು ಅಂಗೈಯಷ್ಟಾದ ಮೇಲೆ ಸಾರ್. ನಮ್ಮವರು ಲೆನ್ಸ್ ಇಟ್ಟು ಸಾಸಿವೆ ಕಾಳಿನಷ್ಟಿದ್ದಾಗಲೇ ಹಿಡೀತಾರೆ. ಪ್ರೀತಿ ಇದ್ದವರ ಕಣ್ಣಿಗೇ ಬೇಗ ಬೀಳೋದು."

"ಪ್ರೀತಿ ಇದ್ದವರು ಬಚ್ಚಲಲ್ಲಿಟ್ಟು ಸಾಕ್ತಾರಲ್ಲಕ್ಕಾ!" ಎಂದ ಬಾಣಸಿಗರಿಗೆ ತಮ್ಮ ಮಾತಿಗೇ ನಗು ಬಂತು. ತಡೆಯಲಾಗದೆ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಆಮೇಲೆ ವ್ಯಾಪಾರದ ಮಾತಾಡಿದರು. ಸದ್ಯಕ್ಕೆ ದಿನಕ್ಕೆ ಹತ್ತು ಕಿಲೋ ಸಾಕು. ಪೊಟ್ಟಣ ಬೇಡ, ಬುಟ್ಟಿಯಲ್ಲಿ ಬರಲಿ. ಬೂಷ್ಟು ಮುಟ್ಟಿದ ಅಂಗಿಯಲ್ಲಿ ಯಜಮಾನರು ಶೆಡ್ಡಿನೊಳಗೆ ಕಾಲಿಡಬಾರದು.

ಅವರು ಹೋದ ಮೇಲೆ ನಮ್ಮವರೇ ಗುದ್ದಲಿ ತಗೊಂಡು ಬಚ್ಚಲಿನ ಚೀಲವನ್ನು ಹೂಳಿದರು. ಮಣ್ಣು ಎಳೆಯುವ ಮುಂಚೆ ಒಮ್ಮೆ ಇಣುಕಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ಒಳಗೆ ಬಂದು ಕೈ ತೊಳೆಯುತ್ತಾ ಕೇಳಿದರು: "ಈಗ ಆ ಫೋಟೋ ಹೇಗನ್ಸುತ್ತೆ?"

"ಚೆನ್ನಾಗೇ ಇದೆ. ಅದಕ್ಕೇ ನನಗೆ ಕೋಪ."

ಉಳಿದಿದ್ದ ಸಾವಿರದ ನೂರು ಲೇಬಲ್ಲು ದಂಡವಾದವು, ದಿನಕ್ಕೆ ಐದು ಕಿಲೋ ಕೈತಪ್ಪಿತು. ಹತ್ತು ಕಿಲೋ ಸಿಕ್ಕಿತು.