ಹಿರೇಕೊಳದ ರುಮಾಲು

ಸುಲೇಪೇಟದ ಆಚೆಗಿನ ಹಿರೇಕೊಳ ಒಂದು ಕಾಲಕ್ಕೆ ಪುಟ್ಟ ಸಂಸ್ಥಾನ. ನಿಜಾಮರ ಆಳ್ವಿಕೆ ಮುಗಿದಾಗ ಅದೂ ಮುಗಿಯಿತು. ಗಾದಿ ಹೋಯಿತು, ಅರಮನೆಯ ಮಾಡು ಕುಸಿಯಿತು. ಉಳಿದದ್ದು ಒಂದೇ ಪದ್ಧತಿ. ದಸರೆಯ ದಿನ ಅರಸು ಮನೆತನದ ವಾರಸುದಾರ ಜರಿ ರುಮಾಲು ಸುತ್ತಿಕೊಂಡು ಮೊದಲ ಬನ್ನಿ ಕೊಡಬೇಕು, ಆಮೇಲೆ ಊರು.

ಈ ಬೇಸಿಗೆಯಲ್ಲಿ, ಕೊನೆಯ ರಾಜ ಸೂಗಪ್ಪನವರ ಮಗ ಸಂಗಮೇಶ್ವರ ಮಕ್ಕಳಿಲ್ಲದೆ ತೀರಿಕೊಂಡ. ಅವನ ಚಿಕ್ಕಪ್ಪನ ಮೊಮ್ಮಗ, ಶಹಾಬಾದಿನಲ್ಲಿ ಫರ್ಶಿ ಕಲ್ಲಿನ ವ್ಯಾಪಾರ ಮಾಡುವ ಸಿದ್ಧಲಿಂಗ, ತಾನೇ ವಾರಸುದಾರನೆಂದ. ಆಗ ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ದೇವಾನಂದ ಊರಿಗೆ ಬಂದು ಹಿರಿಯರ ಮುಂದೆ ನಿಂತ. “ನಮ್ಮಪ್ಪ ಪೀರಪ್ಪ ಯಾರ ಮಗ ಅಂತ ನಿಮಗೆಲ್ಲಾ ಗೊತ್ತದ. ಒಬ್ಬರರೆ ಬಾಯಿ ಬಿಟ್ಟು ಹೇಳ್ರಿ.”

ಯಾರೂ ಹೇಳಲಿಲ್ಲ. ಪೀರಪ್ಪ ಅರಮನೆಯ ದನದ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದ ಮರೆಮ್ಮನ ಮಗ. ಮುಖ ಮಾತ್ರ ಥೇಟು ಸೂಗಪ್ಪ ರಾಜರದು.

ಊರ ಹಿರಿಯ ಕಲೀಮ್ ಸಾಹೇಬರು ಸೇಡಂಗೆ ಹೋಗಿ, ತೀರ್ಮಾನ ಹೇಳಲೆಂದು ರಾಜರ ಮಗಳು ಶಿವಕಾಂತಮ್ಮನವರನ್ನು ಕಾರಿನಲ್ಲಿ ಕರೆತಂದರು. ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದಂತೆ ಮುದುಕಿಗೆ ಎಲ್ಲವೂ ನೆನಪಾಯಿತು. ಒಮ್ಮೆ ಅಪ್ಪ ತನ್ನನ್ನೂ ಪೀರಪ್ಪನನ್ನೂ ಒಂದೇ ಕುದುರೆಯ ಮೇಲೆ ಕೂರಿಸಿ ಕೆರೆಯವರೆಗೆ ಹೋಗಿದ್ದರು. ಅವರು ಎಂದೂ ಅಷ್ಟು ಜೋರಾಗಿ ನಕ್ಕದ್ದನ್ನು ಆಕೆ ಕಂಡಿರಲಿಲ್ಲ. ಅಂದು ಅವ್ವ ಊಟ ಮಾಡಲಿಲ್ಲ. ಮುಂದೆ ಅಪ್ಪ ಸತ್ತಾಗ ಕುಣಿ ತೋಡಿದವನು ಪೀರಪ್ಪ. ಎಲ್ಲರೂ ಮಣ್ಣು ಕೊಟ್ಟು ಮನೆಗೆ ಹೊರಟ ಮೇಲೆ ಅವನೊಬ್ಬನೇ ಹಿಂದೆ ಉಳಿದು ಒಂದು ಹಿಡಿ ಹಾಕಿದ್ದ. ಆಕೆ ತಿರುಗಿ ನೋಡಿದ್ದಳು, ನೋಡಿಯೂ ಸುಮ್ಮನಿದ್ದಳು.

ಅರಮನೆಯ ಬಯಲಾದ ಅಂಗಳದಲ್ಲಿ ಜನ ಸೇರಿತ್ತು. ಸಿದ್ಧಲಿಂಗ ಶಿವಕಾಂತಮ್ಮನವರ ಕಾಲಿಗೆ ಬಿದ್ದ.

“ಅತ್ತಿ, ನೀವು ಹೇಳಿದ್ದೇ ಆಖೈರು.”

“ಪೀರಪ್ಪ ಎಲ್ಲಿ?”

ಪೀರಪ್ಪ ಬಾಗಿಲಾಚೆ ಕೋಲೂರಿ ನಿಂತಿದ್ದ. ಆಕೆ ಎದ್ದು ಅಲ್ಲಿಗೇ ನಡೆದು ಅವನ ಕೈ ಹಿಡಿದು ಒಳಗೆ ತಂದರು.

“ಇಂವ ನಮ್ಮಪ್ಪನ ಮಗ. ನಂಗ ಖಾಸ್ ಅಣ್ಣ. ವಾರಸುದಾರ ಇಂವನೇ. ರುಮಾಲು ಕಟ್ರಿ.”

ಸಿದ್ಧಲಿಂಗನ ಮುಖ ಕಪ್ಪಿಟ್ಟಿತು. “ರಕ್ತ ಇದ್ರ ಸಾಕೇನ್ರಿ ಅತ್ತಿ? ತಾಳಿ ಬ್ಯಾಡೇನು?” ಎಂದ.

“ತಾಳಿ ಕಟ್ಟದಿದ್ದ ತಪ್ಪು ನಮ್ಮಪ್ಪಂದು. ಅದನ್ನ ಇಂವನ ತಲಿಮ್ಯಾಲ ಯಾಕ ಹೊರಸ್ತಿ?”

ಅವನು ಹೊರಟುಹೋದ. ದಸರೆಗೂ ಬರಲಿಲ್ಲ.

ದಸರೆಯ ದಿನ ಬನ್ನಿಮರದ ಕಟ್ಟೆಯ ಮೇಲೆ ಕಲೀಮ್ ಸಾಹೇಬರು ರುಮಾಲು ಬಿಚ್ಚಿದರು. ಪದ್ಧತಿಯಂತೆ ಓಲೆಕಾರ, “ರಾಜಾ ಸೂಗಪ್ಪನವರ ಮಗ ಪೀರಪ್ಪ...” ಎಂದು ಕೂಗಿದ. ಪೀರಪ್ಪ ರುಮಾಲಿಗೆ ಕೈ ಅಡ್ಡ ಹಿಡಿದ.

“ತಡೀರಿ. ನಮ್ಮವ್ವನ ಹೆಸರೂ ಕೂಗ್ರಿ. ಇಲ್ಲಂದ್ರ ನಾ ಕಟ್ಟಿಸ್ಕೊಳ್ಳಂಗಿಲ್ಲ.”

ಓಲೆಕಾರ ಹಿರಿಯರ ಮುಖ ನೋಡಿದ. ಹಿರಿಯರು ಶಿವಕಾಂತಮ್ಮನವರ ಮುಖ ನೋಡಿದರು.

“ಕೂಗಪಾ,” ಎಂದರು ಆಕೆ.

“ರಾಜಾ ಸೂಗಪ್ಪನವರ ಮಗ, ಮರೆಮ್ಮನ ಮಗ ಪೀರಪ್ಪ!”

ಆ ಹೆಸರನ್ನು ಊರು ಅಷ್ಟು ಗಟ್ಟಿಯಾಗಿ ಎಂದೂ ಕೇಳಿರಲಿಲ್ಲ. ಹಿಂದೆ ನಿಂತಿದ್ದ ದೇವಾನಂದ ಮುಖ ಮುಚ್ಚಿಕೊಂಡು ಅತ್ತ. ಪೀರಪ್ಪ ಮೊದಲ ಬನ್ನಿಯನ್ನು ಶಿವಕಾಂತಮ್ಮನವರ ಕೈಗಿಟ್ಟ. ಜೀವಮಾನವೆಲ್ಲ ಅವರನ್ನು ದೊರೆಸಾನಿ ಎಂದೇ ಕರೆದವನು, ಈಗ ತಡವರಿಸಿದ.

“ಮನಿಗಿ ಬಾ, ತಂಗಿ. ಪುಂಡಿಪಲ್ಯ ಮಾಡ್ಯಾರ.”

ಮರೆಮ್ಮ ಬಾಳಿದ ಓಣಿಗೆ ಆಕೆ ಹಿಂದೆಂದೂ ಕಾಲಿಟ್ಟಿರಲಿಲ್ಲ. ಅಣ್ಣನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಬಿಸಿ ರೊಟ್ಟಿ ಮುರಿದರು. ಎರಡನೆಯದನ್ನು ಕೇಳಿ ಹಾಕಿಸಿಕೊಂಡರು.