ಕರಿ ಒಂದು

ತಬಲಾದವನಿಗೆ ಸುಳ್ಳು ಹೇಳಲು ಬಾಯಿ ಬೇಕಿಲ್ಲ, ಶ್ರುತಿ ಮಾಡುವ ಸುತ್ತಿಗೆಯೊಂದಿದ್ದರೆ ಸಾಕು. ನಾನು ಹೇಳಿದ ಮೊದಲನೇ ಸುಳ್ಳು ಅಂಥದ್ದು.

ತೊಗರ್ಸಿಯ ಪರಮಶಿವಪ್ಪ ಮಾಸ್ತರರು ನಲವತ್ತು ವರ್ಷ ವಚನ ಹಾಡಿದವರು. ಸೊರಬದಿಂದ ಶಿಕಾರಿಪುರದವರೆಗೆ ಅವರಿಲ್ಲದೆ ಭಜನೆ ಕೂರುತ್ತಿರಲಿಲ್ಲ. ಅವರ ಪಕ್ಕ ತಬಲಾ ಹಿಡಿದು ಕೂತವನು ನಾನು, ಸೊರಬದ ಕೊಟ್ರೇಶ. ಅವರ ಶ್ರುತಿ ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲನೇ ಕಪ್ಪು ಮನೆ. ಶಿಷ್ಯರು ಯಾರಾದರೂ ಸ್ವಲ್ಪ ತಗ್ಗಿಸಿ ಹಾಡಿದರೆ, "ಶ್ರುತಿ ಇಳಿಸೋದೂ ಒಂದೇ, ಮೀಸೆ ಬೋಳಿಸೋದೂ ಒಂದೇ" ಎಂದು ಗುಡುಗುತ್ತಿದ್ದರು.

ಮಗಳು ಗಂಗಾಶ್ರೀ ಅವರಿಂದಲೇ ಹಾರ್ಮೋನಿಯಂ ಕಲಿತು, ಆಮೇಲೆ ಗೋವಾಕ್ಕೆ ಹೋಗಿ ಪಿಯಾನೋ ಹಿಡಿದು, ಜಾಝ್ ತಂಡವೊಂದರಲ್ಲಿ ನುಡಿಸುತ್ತಿದ್ದಳು. ಅಪ್ಪನ ಭೈರವಿಯನ್ನು ತನ್ನ ಜಾಝ್ ಪಕ್ಕ ಕೂರಿಸಬೇಕೆಂಬುದು ಅವಳ ಹತ್ತು ವರ್ಷದ ಹಟ. ಒಂದು ಸ್ವರದ ಕೆಳಗೆ ಇನ್ನೂ ಮೂರು ಸ್ವರ ಒತ್ತಿ ತೋರಿಸಿದರೆ ಮಾಸ್ತರರು ಮುಖ ತಿರುಗಿಸುತ್ತಿದ್ದರು. "ನಾನು ಒಬ್ನೇ ಹೋಗೋ ದಾರ್ಯಾಗೆ ಇಷ್ಟು ಮಂದೀನ ಯಾಕೆ ಕರ್ಕೊಂಡು ಬರ್ತೀಯವ್ವ?"

ಕಳೆದ ವರ್ಷ ಅವರ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ, ತಡಮಾಡಬೇಡಿ ಎಂದರು ಶಿವಮೊಗ್ಗದ ಡಾಕ್ಟರು. ಮಾಸ್ತರರು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಒಪ್ಪಿದರು.

"ಮೇಲಿನ ಷಡ್ಜ ಮುಟ್ಟಾಕೆ ಆಗ್ತಿಲ್ಲ ಕೊಟ್ರೇಶ. ಆರು ತಿಂಗಳಾತು. ಆ ಸ್ವರಾನೇ ಹೋದ ಮೇಲೆ ಪೆಟ್ಟಿಗೆ ಇಟ್ಕೊಂಡು ಏನು ಮಾಡ್ಲಿ? ತೆಗೀಲಿ ಬಿಡು."

ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಆಪರೇಷನ್‌ಗೆ ಮೂರು ದಿನ ಮುಂಚೆ ಮಗಳ ಹಟಕ್ಕೂ ಒಪ್ಪಿದರು: ಅವಳ ಜೊತೆ ಒಂದು ವಚನ, ಒಂದೇ ಸಲ, ರೆಕಾರ್ಡ್ ಮಾಡಿಕೊಳ್ಳಲು. ಗಂಗಾಶ್ರೀ ಗೋವಾದಿಂದ ಕೀಬೋರ್ಡ್ ಹೊತ್ತು ತಂದಳು. ಬೆಳಿಗ್ಗೆ ನಾನು ಹೋದೊಡನೆ ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣ, ಅಪ್ಪಾಜಿಗೆ ಕರಿ ಒಂದು ಆಗಲ್ಲ. ಎರಡು ಮನೆ ಇಳಿಸ್ತೀನಿ."

"ಒಪ್ತಾರೇನವ್ವ?"

"ಹೇಳೋದೇ ಬ್ಯಾಡ. ಇದ್ರಾಗೆ ಒಂದು ಬಟನ್ ಐತೆ. ಬೆರಳು ಕರಿ ಒಂದರ ಮೇಲೇ ಇರ್ತೈತೆ, ಶಬ್ದ ಮಾತ್ರ ಎರಡು ಮನೆ ಕೆಳಗೆ ಬರ್ತೈತೆ. ನಮ್ ಜಾಝ್‌ನಾಗೆ ಹಾಡೋರ ಗಂಟಲು ನೋಡಿ ಶ್ರುತಿ ಬದ್ಲಾಯಿಸ್ತೀವಿ. ಅದು ಮೋಸ ಅಲ್ಲಣ್ಣ, ಮರ್ಯಾದೆ. ನೀವೂ ತಬಲಾ ಇಳಿಸ್ರಿ."

ನನಗೂ ಮಾಸ್ತರರೆಂದರೆ ಜೀವ. ಸುತ್ತಿಗೆ ತೆಗೆದು ತಟ್ಟಿ ಇಳಿಸಿಯೇಬಿಟ್ಟೆ.

ಮಾಸ್ತರರು ಕೂತವರೇ ಮಗಳ ಬೆರಳು ನೋಡಿದರು. ಹಾರ್ಮೋನಿಯಂ ಕಾಲದವರಿಗೆ ಕಣ್ಣಿಗೆ ಕಂಡ ಮನೆಯೇ ಶ್ರುತಿ. ಕೆಟ್ಟ ಗಂಟಲು ಅವರ ಅಂದಾಜನ್ನೂ ಕೆಡಿಸಿತ್ತು. ಭೈರವಿ ಶುರುವಾಯಿತು. ಮೊದಲ ಸಾಲಿಗೆ ಗಂಗಾಶ್ರೀ ಬರೀ ಹಿಂದೆ ನಡೆದಳು. ಎರಡನೆಯದಕ್ಕೆ ಎಡಗೈಯಿಂದ ತನ್ನ ಸ್ವರಗಳನ್ನು ಒಂದೊಂದಾಗಿ ಬಿಟ್ಟಳು. ಮಾಸ್ತರರು ಮುಖ ತಿರುಗಿಸಲಿಲ್ಲ. ಗಾಂಧಾರವನ್ನು ಎಳೆದು ನಿಲ್ಲಿಸಿ, ನೀನೇನು ಹೇಳುತ್ತೀ ಎನ್ನುವಂತೆ ಅವಳನ್ನು ನೋಡಿದರು. ಅವಳು ಹೇಳಿದಳು. ಹತ್ತು ವರ್ಷ ಆಡದೆ ಉಳಿದಿದ್ದ ಮಾತನ್ನು ಅಪ್ಪ ಮಗಳು ನನ್ನ ಕಣ್ಣೆದುರೇ ಆಡಿಕೊಂಡರು. ಕೊನೆಗೆ ಮಾಸ್ತರರು ಮೇಲಿನ ಷಡ್ಜಕ್ಕೆ ಹೋದರು, ಮುಟ್ಟಿದರು, ಅಲ್ಲೇ ನಿಂತರು. ನನ್ನ ಕಣ್ಣು ತುಂಬಿ ಠೇಕಾ ತಪ್ಪಿತು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನೀಲಾಂಬಿಕಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಮಾಸ್ತರರು ನೀರು ಕುಡಿದು ಲೋಟ ಕೆಳಗಿಟ್ಟರು. "ಶಿವಮೊಗ್ಗಕ್ಕೆ ಫೋನ್ ಮಾಡು ಗಂಗಾ. ಬರಲ್ಲ ಅಂತ ಹೇಳು."

"ಅಪ್ಪಾಜಿ!"

"ಕರಿ ಒಂದರಾಗೆ ಷಡ್ಜ ಹತ್ತಿದ ಗಂಟಲಿಗೆ ಯಾವ ರೋಗನವ್ವ? ಸುಮ್‌ಸುಮ್ಕೆ ಕೊಯ್ಸಿಕೊಳ್ಳಾಕೆ ನನಗೇನು ಹುಚ್ಚೇನು?"

ಗಂಗಾಶ್ರೀ ಅಲ್ಲೇ ಕಾಲು ಹಿಡಿದು ನಿಜ ಹೇಳಿದಳು. ಬಟನ್ ತೋರಿಸಿದಳು. ನಾನು ಇಳಿಸಿದ ತಬಲಾ ಬಾರಿಸಿ ತೋರಿಸಿದೆ. ಮಾಸ್ತರರು ನಕ್ಕರು. "ನನ್ನ ಆಸ್ಪತ್ರೆಗೆ ಸಾಗ್ಸಾಕೆ ಇದೊಂದು ಆಟ ಹೂಡೀರೇನು? ಬೆರಳು ನಾನೇ ನೋಡೀನಿ."

ಅವಳು ಕೀಬೋರ್ಡನ್ನು ಮೊದಲಿನಂತೆ ಮಾಡಿ, ನಿಜವಾದ ಕರಿ ಒಂದು ಒತ್ತಿ, "ಹಾಡ್ರಿ" ಎಂದಳು. ಹಾಡಿದರು. ಪಂಚಮ ದಾಟುವಷ್ಟರಲ್ಲಿ ದನಿ ಒಡೆಯಿತು. ಕ್ಷಣಹೊತ್ತು ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟ್ಟು ಬಂತು.

"ಈಗ ಬಟನ್ ಒತ್ತಿ ಏರಿಸೀಯ. ಇಳಿಸಾಕೆ ಬರೋದಕ್ಕೆ ಏರಿಸಾಕೆ ಬರಲ್ಲೇನು?"

ಮಾಡಿದ್ದುಣ್ಣೋ ಮಹಾರಾಯ ಎಂದಂತಾಯಿತು ನಮ್ಮ ಪಾಡು. ಮನೆಯ ಹಾರ್ಮೋನಿಯಂ ಕೆಟ್ಟು ಕೂತಿತ್ತು, ಮರುದಿನ ನಾನು ಶಿರಾಳಕೊಪ್ಪದಿಂದ ಇನ್ನೊಂದನ್ನು ಕೇಳಿ ತಂದೆ. ಅದಕ್ಕೆ ಯಾವ ಬಟನ್ನೂ ಇರಲಿಲ್ಲ. ಮಾಸ್ತರರು ಅದರ ಮುಚ್ಚಳ ತೆಗೆಯಲು ಬಿಡಲಿಲ್ಲ. ಮುಚ್ಚಳದ ಮೇಲೆ ಎರಡೂ ಕೈ ಊರಿ ಕೂತರು. ಅವರಿಗೂ ನಿಜ ಗೊತ್ತಾಗಿತ್ತು ಎಂದು ನನಗೆ ಆಗ ಅನ್ನಿಸಿತು. ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ.

ಅವತ್ತಿನಿಂದ ಮಗಳೊಂದಿಗೆ ಮಾತು ಬಿಟ್ಟರು. ಅವಳು ಗೋವಾಕ್ಕೆ ಹೋಗದೆ ಇಲ್ಲೇ ಉಳಿದಳು, ಗಂಜಿ ಕುಡಿಸಿದಳು, ಕೈಕಾಲು ಒತ್ತಿದಳು. ಒಂದು ಅಕ್ಷರ ಆಡಲಿಲ್ಲ ಅವರು. ಸಂಕ್ರಾಂತಿ ಹೊತ್ತಿಗೆ ಗಂಜಿಯೂ ಇಳಿಯದಾಯಿತು. ಶಿವರಾತ್ರಿಗೆ ಮುಂಚೆ ಹೋದರು.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ಅವರೆದುರು ಭಜನೆ ಮಾಡುತ್ತಾರೆ. ವಿಭೂತಿ ಹಚ್ಚಿ ಮಾಸ್ತರರನ್ನು ಕೂರಿಸಿದ್ದರು. ಅವರೆದುರು ಹಾಡಲು ಯಾರಿಗೂ ಬಾಯಿ ಬರಲಿಲ್ಲ, ಆ ರೆಕಾರ್ಡನ್ನೇ ಮೈಕಿಗೆ ಹಾಕಿದರು. ಮಾಸ್ತರರ ಭೈರವಿ, ಅದರ ಕೆಳಗೆ ಮಗಳ ಪಿಯಾನೋ. "ಈ ವಯಸ್ಸಿನಾಗೆ ಕರಿ ಒಂದು ನೋಡ್ರಿ" ಎಂದರು ಯಾರೋ.

ನೀಲಾಂಬಿಕಕ್ಕ ಎದ್ದು ನನ್ನ ಹತ್ತಿರ ಬಂದು ಕೂತರು.

"ಕೊಟ್ರೇಶಪ್ಪ, ಅವ್ರ ಎದ್ರಿಗೆ ಸುಳ್ಳು ಹೇಳಬ್ಯಾಡ. ಅವತ್ತು ಹಾಡಿದ್ದು ಕರಿ ಒಂದು ಹೌದೋ ಅಲ್ಲೋ?"

ಅಲ್ಲ ಎಂದರೆ ಅವರ ಗಂಡನನ್ನು ಕೊಂದವರು ನಾನು ಮತ್ತು ಅವರ ಮಗಳು. ಸತ್ತವರಿಗಾದರೂ ಮರ್ಯಾದೆ ಉಳಿಯಲಿ ಎಂದುಕೊಂಡೆ. ಹೆದರಿದ್ದೆ ಕೂಡ.

"ಕರಿ ಒಂದೇ ಅಕ್ಕಾ," ಎಂದೆ.

ನೀಲಾಂಬಿಕಕ್ಕ ಮಗಳ ಕಡೆ ತಿರುಗಿದರು.

"ಹಂಗಾದ್ರೆ ಆ ಬಟನ್ ಕಥೆ ಯಾಕೆ ಕಟ್ಟಿದ್ಯವ್ವ? ಅದೊಂದಕ್ಕೆ ನಿನ್ನ ಮಾತಾಡಿಸ್ದೇ ಹೋದ್ರಲ್ಲ."

ಗಂಗಾಶ್ರೀ ನನ್ನ ಮುಖ ನೋಡಿದಳು. ನಾನು ತಬಲಾ ನೋಡುತ್ತಾ ಕೂತೆ.