ರೋಗವಿಲ್ಲದ ಫಾರ್ಮು

"ಏ ಮುದುಕಿ, ಒಂದೀಟು ಕೆಮ್ಮು ತಡ್ಕೊ! ಫೋಟೋದಾಗ ಬಾಯಿ ತೆರದ್ರ ಹೆಣ ಕಂಡಂಗ ಕಾಣ್ತೈತಿ."

ಕಂಪ್ಲಿಯ ಅಕ್ಕಿ ಮಿಲ್ಲಿನ ಸಾವ್ಕಾರ ಸಿದ್ದಲಿಂಗೇಶ್ ಇದನ್ನು ಅಂದದ್ದು ಪ್ರೀತಿಯಿಂದಲೇ. ಅವತ್ತು ಅವನ ಪ್ರೀತಿ ಉಕ್ಕಿ ಹರಿಯುತ್ತಿತ್ತು. ಅರವತ್ತು ದಾಟಿದ ಐದು ಜನ ಹೆಣ್ಣಾಳುಗಳಿಗೆ ಆರೋಗ್ಯ ವಿಮೆ ಮಾಡಿಸುತ್ತಿದ್ದ. ಸರ್ಕಾರದ ಕಾರ್ಡಿಗೆ ಮೀರಿದ ಆಸ್ಪತ್ರೆ ಖರ್ಚನ್ನು ಈ ವಿಮೆ ಕೊಡುತ್ತದಂತೆ. ಫೋಟೋ ಮಿಲ್ಲಿನ ಕ್ಯಾಲೆಂಡರಿಗಂತೆ.

ವಿರುಪಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮು ನುಂಗಿದಳು. ಇಪ್ಪತ್ತಾರು ವರ್ಷ ಇದೇ ಮಿಲ್ಲಿನಲ್ಲಿ ಹೊಟ್ಟನ್ನು ಚೀಲಕ್ಕೆ ತುಂಬಿದ ಜೀವ ಅದು. ಎದೆಯಲ್ಲಿ ಧೂಳು ಕೂತಿದೆ, ಅಡ್ಮಿಟ್ ಆಗಲೇಬೇಕು ಅಂತ ಹೊಸಪೇಟೆ ಡಾಕ್ಟರು ಹೇಳಿ ತಿಂಗಳಾಗಿತ್ತು. ಈ ವಿಮೆ ಸಿಕ್ಕರೆ ಬದುಕಿಕೊಂಡೆ ಅನ್ನುವ ಆಸೆ ಅವಳದು.

ಏಜೆಂಟ್ ಗಿರೀಶ್ ಮೊದಲು ಸಾವ್ಕಾರನ ಫಾರ್ಮನ್ನೇ ತುಂಬಿದ. ಸಾವ್ಕಾರನಿಗೂ ಅರವತ್ತೆರಡಾಗಿತ್ತು. ಶುಗರ್ರು, ಬಿಪಿ, ಮಂಡಿನೋವು, ಒಂದೂ ಬಿಡದೆ ಕೇಳಿ ಕೇಳಿ ಬರೆದ.

"ಏನೂ ಮುಚ್ಚಬ್ಯಾಡ್ರಿ ಸಾವ್ಕಾರ್ರ. ಮುಚ್ಚಿದ್ರ ಆಮ್ಯಾಲ ಕಂಪನಿಯೋರು ಒಂದು ರೂಪಾಯಿ ಬಿಚ್ಚಂಗಿಲ್ಲ."

ವಿರುಪಮ್ಮನ ಫಾರ್ಮಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ, "ಒತ್ತಬೇ ಇಲ್ಲಿ" ಅಂದ.

ಅವಳಿಗೆ ಓದು ಬರದು, ಕಣ್ಣು ಮಾತ್ರ ಭಾರಿ ಚುರುಕು.

"ಯಪ್ಪಾ, ಸಾವ್ಕಾರ್ರ ಕಾಗದದಾಗ ಇರುವಿ ಸಾಲು ಹೊಂಟಂಗೈತಿ. ನನ್ನದ್ರಾಗ ಬರೇ ಗೀಟು ಅದಾವಲ್ಲ?"

"ನಿನಗ ರೋಗ ಇಲ್ಲ ಅಂತ ಬರದೀನಬೇ."

"ಅಯ್ಯ, ನಿನ್ನ ಬಾಯಾಗ ಸಕ್ರಿ ಹಾಕ! ಹೊಸಪ್ಯಾಟಿ ಡಾಕ್ಟರಿಗೂ ವಾಸಿ ಮಾಡಾಕ ಆಗಿಲ್ಲ, ನೀ ಒಂದು ಪೆನ್ನಿನಾಗ ವಾಸಿ ಮಾಡಿದ್ಯಲ್ಲೋ!"

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಗಿರೀಶ್ ದನಿ ತಗ್ಗಿಸಿದ.

"ಕೆಮ್ಮು ಬರದ್ರ ಕಂತು ಜಾಸ್ತಿ ಆಗ್ತೈತಬೇ. ಸಾವ್ಕಾರ್ರು ಕಟ್ಟಂಗಿಲ್ಲ."

"ಬರೀದಿದ್ರ ಕಂಪನಿಯೋರು ಕೊಡಂಗಿಲ್ಲ. ನೀನಾ ಈಗ ಅಂದ್ಯಲ್ಲ?"

ಗಿರೀಶ್ ಪೆನ್ನಿನ ಮುಚ್ಚಳ ಹುಡುಕತೊಡಗಿದ.

ವಿರುಪಮ್ಮ ಫಾರ್ಮನ್ನು ಅವನ ಮುಂದಕ್ಕೆ ತಳ್ಳಿದಳು. ಇದೊಂದನ್ನೇ ನಂಬಿಕೊಂಡು ತಿಂಗಳಿಂದ ಉಸಿರು ಹಿಡಿದಿದ್ದಳಲ್ಲ!

"ಕಾಗದದಾಗ ರೋಗ ಬರಸಾಕೂ ಸಾವ್ಕಾರ್ರಾ ಆಗಬೇಕೇನ್ರಿ? ಬರಿಯೋ ತಮ್ಮಾ. ಕೆಮ್ಮೈತಿ, ಈ ಮಿಲ್ಲಿನ ಧೂಳಿಂದಾನ ಬಂದೈತಿ ಅಂತ ಬರಿ."

ಸಾವ್ಕಾರನ ಪ್ರೀತಿ ಅಲ್ಲಿಗೆ ಬತ್ತಿತು.

"ಪುಕ್ಕಟ ಮಾಡಸ್ತೀನಿ ಅಂದ್ರ ಸೊಕ್ಕು ಬಂತೇನ ರಂಡಿ? ಮಿಲ್ಲಿನ ಹೆಸರು ಎತ್ತಿದ್ರ ನಾಳಿಂದ ಕೆಲಸ ಇಲ್ಲ. ಹೆಬ್ಬೆಟ್ಟು ಒತ್ತಿ ಜಲ್ದಿ ಹೋಗಿ ಹೊಟ್ಟು ತುಂಬು, ಲಾರಿ ನಿಂತೈತಿ!"

ವಿರುಪಮ್ಮ ಹೆಬ್ಬೆಟ್ಟು ಒತ್ತದೆಯೇ ಮಸಿಯನ್ನು ಸೀರೆಗೆ ಒರೆಸಿಕೊಂಡು ಎದ್ದಳು. ಅಂಗಳಕ್ಕೆ ಹೋಗಿ ಹೊಟ್ಟಿನ ರಾಶಿಯ ಮುಂದೆ ಕಾಲು ಚಾಚಿ ಕೂತಳು. ಅವಳ ಜೋಡಿ ಹೊಟ್ಟು ತುಂಬುವ ಎರ್ರಮ್ಮ ಬಂದು ಪಕ್ಕದಲ್ಲಿ ಕೂತಳು. ಉಳಿದ ಮೂವರೂ ಬಂದರು. ಅಷ್ಟು ಹೊತ್ತು ತಡೆದದ್ದನ್ನೆಲ್ಲ ಐದೂ ಜನ ಮನಸಾರೆ ಕೆಮ್ಮಿದರು. ಲಾರಿಯವನು ಹಾರನ್ ಒತ್ತುತ್ತಲೇ ಇದ್ದ.

ಸಾವ್ಕಾರ ಪಂಚೆ ಎತ್ತಿಕೊಂಡು ಓಡಿ ಬಂದ. "ಏಳ್ರೇ! ಲಾರಿ ಯಾರು ತುಂಬ್ತಾರ?"

ವಿರುಪಮ್ಮ ಉಸಿರು ಎಳೆದುಕೊಂಡು ಹೇಳಿದಳು:

"ನಿಮ್ಮ ಕಾಗದದಾಗ ಒಬ್ಬಾಕಿ ವಿರುಪಮ್ಮ ಅದಾಳಲ್ರಿ, ಕೆಮ್ಮಿಲ್ಲದಾಕಿ. ಆಕಿನ್ನ ಕರೀರಿ. ನಾವೂ ಆಕಿ ಮಾರಿ ಒಮ್ಮೆ ನೋಡ್ತೀವಿ."